ದೊಣ್ಣೆನಾಯಕನನ್ನು ಕರೆತರುವವರಾರು?

ಈಚೆಗೆ ಒಂದು ಸಂಜೆ ನಾವು ಕಾರ್ಯನಿಮಿತ್ತ ದೊಡ್ಡಬಳ್ಳಾಪುರಕ್ಕೆ ಹೋಗಿದ್ದೆವು. ಮಗ್ಗದ ಸದ್ದಿಲ್ಲದೆ ಆ ಊರನ್ನು ಊಹಿಸುವುದೇ ಕಷ್ಟ. ಆದರೆ ಆ ದಿನ ನಾವು ನಡೆದ ಬೀದಿಯಲ್ಲಿ ಸದ್ದು ವಿರಳವಾಗಿದ್ದಿತು. ನೂಲಿನ ಬೆಲೆ ಏರಿದೆ, ಸೀರೆಯ ಬೆಲೆ ಏರಿಲ್ಲ, ಸೂರತ್ತಿನ ಅಗ್ಗದ ಮಾಲು ಅಂಗಡಿಗಳನ್ನು ತುಂಬಿದೆ ಎಂದು ನೇಕಾರರು ಹೇಳಿಕೊಂಡರು. ಕಾಫಿ ಹೋಟೆಲಿನಲ್ಲಿ ಕುಳಿತಿದ್ದ ವೃದ್ಧರೊಬ್ಬರು, "ಸ್ವಾಮೀ, ಈ ಚುನಾವಣೆ, ಈ ಸಭೆ, ಈ ಅರ್ಜಿ ಎಲ್ಲಾ ಸಾಕಾಯಿತು. ಗಟ್ಟಿಗನೊಬ್ಬ ಬಂದು ದೊಣ್ಣೆ ಹಿಡಿದು ನಿಂತರೆ ಎಲ್ಲವೂ ನೆಟ್ಟಗಾಗುತ್ತೆ" ಎಂದರು. ಪಕ್ಕದಲ್ಲಿದ್ದ ನಿವೃತ್ತ ಅಧಿಕಾರಿಗಳು ತಲೆದೂಗಿದರು. ಮೂರನೆಯವರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಇದಕ್ಕೆಲ್ಲಾ ಆ ಕೇರಿಯವರೇ ಮೂಲ, ಮೊದಲು ಅವರನ್ನು ಓಡಿಸಬೇಕು" ಎಂದರು. ಆ ಕೇರಿ ಯಾವುದೆಂಬುದನ್ನು ನಾವಿಲ್ಲಿ ಬರೆಯುವುದಿಲ್ಲ. ಕೇರಿಯ ಹೆಸರು ಊರೂರಿಗೂ ಬೇರೆ. ಮಾತು ಮಾತ್ರ ಎಲ್ಲೆಡೆಯೂ ಒಂದೇ.

ನಾವು ಆ ಹೊತ್ತು ಮರುಮಾತಾಡದೆ ಎದ್ದು ಬಂದೆವು. ದಾರಿಯಲ್ಲಿ ಅದು ತಪ್ಪೆಂದು ತೋರಿತು. ಅಲ್ಲಿ ಆಡದೆ ಉಳಿಸಿದ ಮಾತನ್ನು ಇಲ್ಲಿ ಆಡುತ್ತಿದ್ದೇವೆ.

ಹಸಿದವನು ಆಡುವ ಮಾತಿಗೆ ನಾವು ಕೋಪಿಸಿಕೊಳ್ಳಲಾರೆವು. ಮಗ್ಗ ನಿಂತವನ ಮನೆಯಲ್ಲಿ ಒಲೆಯೂ ನಿಲ್ಲುತ್ತದೆ. ಆದರೆ ಹೊಟ್ಟೆಯ ಉರಿಯಿಂದ ಹುಟ್ಟಿದ ಮಾತಿಗೆ ಹೊಟ್ಟೆ ತುಂಬಿದವರು ತಲೆದೂಗುವುದು ಬೇರೆ ವಿಷಯ. ಬಡತನ ಬಂದಾಗ ನಿರಂಕುಶಾಧಿಕಾರಿ ತಾನಾಗಿ ಹುಟ್ಟುತ್ತಾನೆಂದು ಅನೇಕರು ನಂಬಿದ್ದಾರೆ. ಚರಿತ್ರೆಯನ್ನು ನೋಡಿದರೆ ಹಾಗಲ್ಲ. ಹಸಿವು ಅವನಿಗೆ ದಾರಿ ಮಾಡಿಕೊಡುತ್ತದೆ, ನಿಜ. ಬಾಗಿಲಿನ ಅಗಳಿಯನ್ನು ಒಳಗಿನಿಂದ ತೆಗೆಯುವವರು ಮಾತ್ರ ವಿದ್ಯಾವಂತರು, ಅಧಿಕಾರಿಗಳು, ಪತ್ರಿಕೆಯವರು. ಎಂದರೆ ನಾವು, ನೀವು.

ಇದು ದೂರದೇಶದ ಕಥೆಯೆಂದು ವಾಚಕರು ಭಾವಿಸಬೇಕಾಗಿಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ 1935ರಲ್ಲಿ ಮ್ಯಾಕ್ಸ್ ಬಾರ್ನ್ ಎಂಬ ಜರ್ಮನ್ ವಿದ್ವಾಂಸರು ಬಂದರು. ಸರ್ ಸಿ. ವಿ. ರಾಮನ್ನರು ಆಗ ಅಲ್ಲಿನ ನಿರ್ದೇಶಕರು, ಅವರೇ ಕರೆಸಿದ್ದು. ಬಾರ್ನರು ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದು, ಮುಂದೆ 1954ರಲ್ಲಿ ನೊಬೆಲ್ ಬಹುಮಾನವನ್ನು ಪಡೆದವರು. ಅಂಥವರು 1933ರಲ್ಲಿ ತಾಯ್ನಾಡನ್ನು ಬಿಡಬೇಕಾಯಿತು. ಯೆಹೂದ್ಯ ವಂಶದಲ್ಲಿ ಹುಟ್ಟಿದುದೊಂದೇ ಅವರ ಅಪರಾಧ. ಅವರಿಗೆ ಇಲ್ಲಿಯೇ ಖಾಯಂ ಹುದ್ದೆಯನ್ನು ಕೊಡಿಸಲು ರಾಮನ್ನರು ಮಾಡಿದ ಪ್ರಯತ್ನ ಫಲಿಸಲಿಲ್ಲ. ಬಾರ್ನರು 1936ರಲ್ಲಿ ಎಡಿನ್‌ಬರೋ ನಗರಕ್ಕೆ ಹೋದರು. ಅವರ ಸೋದರಳಿಯ ಆಟೋ ಕೋನಿಗ್ಸ್‌ಬರ್ಗರರೂ ಅದೇ 1933ರಲ್ಲಿ ಕೆಲಸವನ್ನು ಕಳೆದುಕೊಂಡು, 1939ರಲ್ಲಿ ಮೈಸೂರು ಸರ್ಕಾರದ ಮುಖ್ಯ ವಾಸ್ತುಶಿಲ್ಪಿಗಳಾಗಿ ನೇಮಕಗೊಂಡರು. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರು ಕಟ್ಟಿಸಿದ ಕಟ್ಟಡಗಳು ಇಂದಿಗೂ ನಿಂತಿವೆ. ಒಂದು ದೇಶ ಹುಚ್ಚೆದ್ದು ಹೊರಕ್ಕೆಸೆದ ರತ್ನಗಳು ನಮ್ಮ ಊರಿನಲ್ಲಿ ಬಂದು ಬಿದ್ದುವು.

ಆ ದೇಶಕ್ಕೆ ಹುಚ್ಚು ಹಿಡಿದ ಬಗೆ ಹೇಗೆ? ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ 1919ರಲ್ಲಿ ಪ್ರಜಾಪ್ರಭುತ್ವ ಬಂದಿತು. ಅದರೊಡನೆ ಯುದ್ಧದಂಡದ ಹೊರೆಯೂ ಬಂದಿತು. ಯುದ್ಧಕ್ಕೆ ಮೊದಲು ಒಂದು ಡಾಲರಿಗೆ ನಾಲ್ಕು ಮಾರ್ಕುಗಳಷ್ಟಿದ್ದ ವಿನಿಮಯವು 1923ರ ನವೆಂಬರಿನಲ್ಲಿ 4 ಲಕ್ಷ 20 ಸಾವಿರ ಕೋಟಿ ಮಾರ್ಕುಗಳಿಗೆ ಇಳಿಯಿತು. ಕೂಲಿಯವನಿಗೆ ಇದರಿಂದ ಕಷ್ಟವಾಯಿತು. ಆದರೆ ಸರ್ವನಾಶವಾದುದು ಪಿಂಚಣಿದಾರನಿಗೆ, ಬ್ಯಾಂಕಿನಲ್ಲಿ ಹಣವಿಟ್ಟ ಗುಮಾಸ್ತನಿಗೆ, ಉಪಾಧ್ಯಾಯನಿಗೆ. ಜೀವಮಾನದ ಉಳಿತಾಯದಿಂದ ಒಂದು ರೊಟ್ಟಿಯೂ ಬಾರದಂತಾಯಿತು. ಅದೇ ತಿಂಗಳು ಮ್ಯೂನಿಚ್ ನಗರದಲ್ಲಿ ಹಿಟ್ಲರನೆಂಬವನು ದಂಗೆಯೆದ್ದು ಸೋತು ಸೆರೆಮನೆಗೆ ಹೋದನು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಇಷ್ಟು ಘೋರವಾದ ಕಷ್ಟದಿಂದಲೂ ಆ ದೇಶ ಚೇತರಿಸಿಕೊಂಡಿತು. ಹೊಸ ನಾಣ್ಯ ಬಂದಿತು, ಕೆಲಸ ದೊರೆಯಿತು. 1928ರ ಚುನಾವಣೆಯಲ್ಲಿ ಹಿಟ್ಲರನ ಪಕ್ಷಕ್ಕೆ ನೂರಕ್ಕೆ ಮೂರು ಮತಗಳೂ ಬೀಳಲಿಲ್ಲ. 12 ಸ್ಥಾನ ಮಾತ್ರ ದೊರೆತುವು. ಆಮೇಲೆ 1929ರ ಅಕ್ಟೋಬರಿನಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು, ಸಾಲಕೊಟ್ಟವರು ಸಾಲವನ್ನು ಹಿಂದಕ್ಕೆಳೆದರು, ಕಾರ್ಖಾನೆಗಳು ಮುಚ್ಚಿದುವು. 1932ರ ವೇಳೆಗೆ ಸುಮಾರು 60 ಲಕ್ಷ ಜನ ನಿರುದ್ಯೋಗಿಗಳಾಗಿದ್ದರು. 1930ರ ಸೆಪ್ಟೆಂಬರಿನಲ್ಲಿ 107, 1932ರ ಜುಲೈಯಲ್ಲಿ 230 ಸ್ಥಾನಗಳು ಹಿಟ್ಲರನ ಪಕ್ಷಕ್ಕೆ ದೊರೆತುವು. ಹಸಿವು ಮಾಡಿದ ಕೆಲಸ ಇಷ್ಟು.

ಆದರೆ ಹಸಿವು ಅವನನ್ನು ಗದ್ದುಗೆಯ ಮೇಲೆ ಕೂರಿಸಲಿಲ್ಲ. ಅದೇ 1932ರ ನವೆಂಬರಿನಲ್ಲಿ ಮತ್ತೊಂದು ಚುನಾವಣೆಯಾದಾಗ ಅವನ ಪಕ್ಷವು ಸುಮಾರು 20 ಲಕ್ಷ ಮತಗಳನ್ನು ಕಳೆದುಕೊಂಡು 196 ಸ್ಥಾನಗಳಿಗೆ ಇಳಿಯಿತು. ಇಳಿಯುತ್ತಿದ್ದವನನ್ನು ಕೈಹಿಡಿದು ಮೇಲಕ್ಕೆತ್ತಿದವರು ದೊಡ್ಡ ಮನುಷ್ಯರು. ಶಾಸನಸಭೆಯ ಗೊಡವೆಯೇ ಬೇಡವೆಂದು ರಾಷ್ಟ್ರಾಧ್ಯಕ್ಷರ ತುರ್ತು ಆಜ್ಞೆಗಳಿಂದ ರಾಜ್ಯಭಾರ ನಡೆಸುವ ಪದ್ಧತಿಯನ್ನು ಅವರು ಮೊದಲೇ ರೂಢಿಸಿದ್ದರು. 1932ರಲ್ಲಿ ಆ ಸಭೆ ಮಾಡಿದ ಕಾಯಿದೆಗಳು 5. ತುರ್ತು ಆಜ್ಞೆಗಳು 60ಕ್ಕೆ ಕಡಮೆಯಿಲ್ಲ. ಕಡೆಗೆ ಪಾಪೆನ್ ಎಂಬ ಮಾಜಿ ಪ್ರಧಾನಿಯೂ ಅವನ ಸಂಗಡಿಗರೂ ಸೇರಿ, ವೃದ್ಧರಾದ ಅಧ್ಯಕ್ಷ ಹಿಂಡನ್‌ಬರ್ಗರ ಮನವೊಲಿಸಿ, 1933ರ ಜನವರಿ 30ರಂದು ಹಿಟ್ಲರನಿಗೆ ಪ್ರಧಾನಿಯ ಪಟ್ಟವನ್ನು ಕಟ್ಟಿಸಿದರು. ಮಂತ್ರಿಮಂಡಲದಲ್ಲಿ ಅವನೂ ಸೇರಿ ಅವನ ಪಕ್ಷದವರು ಮೂವರೇ, ಉಳಿದವರು ನಾವೇ, ಎದುರಾಳಿಗಳನ್ನು ಅವನಿಂದ ಅಡಗಿಸಿ ಆಮೇಲೆ ಅವನನ್ನೇ ಮೂಲೆಗೆ ತಳ್ಳಿದರಾಯಿತು, ಎಂಬುದು ಅವರ ಲೆಕ್ಕಾಚಾರವಾಗಿದ್ದಿತು.

ನಮ್ಮಲ್ಲಿ ಪಾಠಶಾಲೆಯ ಮೆಟ್ಟಿಲು ಹತ್ತಿದವರಿಗೆ ಈ ಕಥೆ ಹೊಸದಲ್ಲ. ಪಂಚತಂತ್ರದ ಗಂಗದತ್ತನೆಂಬ ಕಪ್ಪೆಯರಸನು ದಾಯಾದಿಗಳ ಕಾಟವನ್ನು ತಾಳಲಾರದೆ ಹಾವನ್ನು ತಾನೇ ಹುಡುಕಿಕೊಂಡು ಹೋಗಿ ಬಾವಿಯೊಳಕ್ಕೆ ಕರೆತಂದನಷ್ಟೆ. ಹಾವು ದಾಯಾದಿಗಳನ್ನು ತಿಂದು ಮುಗಿಸಿತು. ಆಮೇಲೆ ಗಂಗದತ್ತನ ಪರಿವಾರವನ್ನು ತಿಂದಿತು. ಅವನ ಮಗನನ್ನೂ ತಿಂದಿತು. ತಾನೊಬ್ಬನು ಉಪಾಯದಿಂದ ತಪ್ಪಿಸಿಕೊಂಡರೆ ಸಾಕೆಂಬ ಗತಿ ಅವನಿಗೊದಗಿತು. ಪಾಪೆನ್ನನಿಗೂ ಅದೇ ಆಯಿತು. 1934ರ ಜೂನ್ 30ರಂದು ನಡೆದ ಕೊಲೆಗಳಲ್ಲಿ ಅವನ ಆಪ್ತರೇ ಹತರಾದರು. ಅವನು ಜೀವ ಉಳಿಸಿಕೊಂಡು ರಾಯಭಾರಿಯ ಕೆಲಸಕ್ಕೆ ಹೊರನಾಡಿಗೆ ಹೋದನು.

ಹಾವು ಬಾವಿಗಿಳಿದ ಮೇಲಿನ ಕಥೆ ಅತಿ ವೇಗವಾಗಿ ಸಾಗಿತು. 1933ರ ಫೆಬ್ರವರಿ 27ರಂದು ಶಾಸನಸಭೆಯ ಕಟ್ಟಡಕ್ಕೆ ಬೆಂಕಿ ಬಿದ್ದಿತು. ಮರುದಿನವೇ ವಾಕ್‌ಸ್ವಾತಂತ್ರ್ಯ, ಪತ್ರಿಕಾಸ್ವಾತಂತ್ರ್ಯ, ಸಭಾಸ್ವಾತಂತ್ರ್ಯಗಳನ್ನು ರದ್ದುಮಾಡಿದ ಆಜ್ಞೆ ಹೊರಟಿತು. ಮಾರ್ಚ್ 23ರಂದು ಸಭೆಯು ತನ್ನ ಕಾಯಿದೆ ಮಾಡುವ ಅಧಿಕಾರವನ್ನೇ ಮಂತ್ರಿಮಂಡಲಕ್ಕೆ ಧಾರೆಯೆರೆಯಿತು. ಪರವಾಗಿ 444 ಮತ, ವಿರೋಧವಾಗಿ 94. ಏಪ್ರಿಲ್ 7ರಂದು ಯೆಹೂದ್ಯರನ್ನೂ ರಾಜಕೀಯ ವಿರೋಧಿಗಳನ್ನೂ ಸರ್ಕಾರಿ ಕೆಲಸದಿಂದ ತೆಗೆಯುವ ಕಾಯಿದೆ ಬಂದಿತು. ಬಾರ್ನರು ಕೆಲಸವನ್ನು ಕಳೆದುಕೊಂಡುದು ಇದರಿಂದಲೇ. ಜುಲೈ 14ರಂದು ಒಂದು ಪಕ್ಷದ ಹೊರತು ಮತ್ತೊಂದು ಪಕ್ಷವೇ ಇರಕೂಡದೆಂದಾಯಿತು. ಆರು ತಿಂಗಳು ತುಂಬುವುದರೊಳಗೆ ಎಲ್ಲವೂ ಮುಗಿದುಹೋಗಿತ್ತು.

ಯೆಹೂದ್ಯರು ಆ ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ. ಸುಮಾರು ಐದು ಲಕ್ಷ ಮಂದಿ. ನಾಣ್ಯ ಕೆಟ್ಟುದಕ್ಕೆ, ಯುದ್ಧದಲ್ಲಿ ಸೋತುದಕ್ಕೆ, ಕಾರ್ಖಾನೆ ಮುಚ್ಚಿದುದಕ್ಕೆ ಎಲ್ಲಕ್ಕೂ ಅವರೇ ಕಾರಣರೆಂದು ದಿನವೂ ಕೇಳಿದ ಜನ ಕಡೆಗೆ ಅದನ್ನು ನಂಬಿದರು, ನಂಬದವರು ಸುಮ್ಮನಿದ್ದರು. 1935ರಲ್ಲಿ ಅವರ ಪೌರತ್ವದ ಹಕ್ಕು ಹೋಯಿತು. 1938ರ ನವೆಂಬರಿನಲ್ಲಿ ಅವರ ದೇವಾಲಯಗಳು ಉರಿದುವು. ಯುದ್ಧ ಆರಂಭವಾದ ಮೇಲೆ ಕೊಲೆ ಆರಂಭವಾಯಿತು. 1942ರ ಜನವರಿ 20ರಂದು ಬರ್ಲಿನ್ನಿನ ಹೊರವಲಯದ ಒಂದು ಬಂಗಲೆಯಲ್ಲಿ 15 ಮಂದಿ ಅಧಿಕಾರಿಗಳು ಸೇರಿ, ಯೂರೋಪಿನ ಯೆಹೂದ್ಯರನ್ನೆಲ್ಲ ಕೊಲ್ಲುವ ಕಾರ್ಯದಲ್ಲಿ ಯಾವ ಇಲಾಖೆ ಏನು ಮಾಡತಕ್ಕದ್ದೆಂದು ಚರ್ಚಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಡಾಕ್ಟರ್ ಪದವೀಧರರು. ಕೊಲೆಗೆ ಸಾಗಿಸುವ ಜನರಿಗೆ ರೈಲ್ವೆ ಇಲಾಖೆಯವರು ಕಿಲೋಮೀಟರಿನ ಲೆಕ್ಕದಲ್ಲಿ ಟಿಕೆಟ್ ದರವನ್ನು ವಸೂಲುಮಾಡಿದರು. ಮಕ್ಕಳಿಗೆ ಅರ್ಧ ದರ! 60 ಲಕ್ಷ ಯೆಹೂದ್ಯರು ಸತ್ತರು. ಅಲೆಮಾರಿ ಜಿಪ್ಸಿ ಜನರೂ ಅಂಗವಿಕಲರೂ ಲಕ್ಷಗಟ್ಟಲೆಯಾಗಿ ಹತರಾದರು. ಇದು ಹಸಿದ ಗುಂಪಿನ ಕೆಲಸವೇ? ಅಲ್ಲ. ಕಡತ ಬಲ್ಲವರ ಕೆಲಸ.

ಆ 1929ರ ಬಿರುಗಾಳಿ ನಮ್ಮನ್ನೂ ಬಿಡಲಿಲ್ಲವೆಂಬುದನ್ನು ಹಿರಿಯರಿಂದ ಕೇಳಿದವರಿದ್ದಾರೆ. ಬೇಸಾಯದ ಹುಟ್ಟುವಳಿಯ ಬೆಲೆ ದೇಶಾದ್ಯಂತ ಅರ್ಧಕ್ಕೆ ಸಮೀಪವಾಗಿ ಇಳಿಯಿತು. ಕಂದಾಯ ಮಾತ್ರ ಇಳಿಯಲಿಲ್ಲ. ಚೀನ ಜಪಾನುಗಳ ಅಗ್ಗದ ರೇಷ್ಮೆ ಬಂದು ಬಿದ್ದು ಮೈಸೂರು ಸೀಮೆಯ ಹಿಪ್ಪುನೇರಳೆ ತೋಟಗಳನ್ನು ರೈತರು ಕಿತ್ತುಹಾಕಿದರು. ಆಗ ಇಲ್ಲಿದ್ದುದು ರಾಜರ ಆಳ್ವಿಕೆ, ದಿವಾನರ ಅಧಿಕಾರ, ಅದರ ಮೇಲೆ ಪರರ ಚಕ್ರಾಧಿಪತ್ಯ. ಜನರು ಕೇಳಿದುದೇನು? ಇನ್ನೂ ದೊಡ್ಡ ದೊಣ್ಣೆಯನ್ನು ಕೇಳಲಿಲ್ಲ. ಜವಾಬ್ದಾರಿ ಸರ್ಕಾರವನ್ನು ಕೇಳಿದರು. ದೊಡ್ಡಬಳ್ಳಾಪುರದಿಂದ ಉತ್ತರಕ್ಕೆ ಗೌರಿಬಿದನೂರಿನ ದಾರಿ ಹಿಡಿದು ಹೋದವರಿಗೆ ವಿದುರಾಶ್ವತ್ಥ ಸಿಕ್ಕುತ್ತದೆ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಹಾರಿಸಲು ನೆರೆದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಸತ್ತವರು 10 ಎಂದು ಸರ್ಕಾರದ ಲೆಕ್ಕ. 30ಕ್ಕೂ ಮೀರಿತೆಂದು ಜನರ ಲೆಕ್ಕ. ಅಂಥ ರಕ್ತಪಾತದ ಮೇಲೂ ಎರಡು ಪಕ್ಷದವರು ಕುಳಿತು ಮಾತನಾಡಿದರು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದರು. ಧ್ವಜದ ವಿಷಯದಲ್ಲಿ ದಿವಾನ್ ಸರ್ ಮಿರ್ಜಾ ಅವರೊಡನೆ ಒಪ್ಪಂದವಾಯಿತು. ಮುಂದೆ ಮೈಸೂರು ಚಲೋ ಚಳವಳಿ ನಡೆದು 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಏರ್ಪಟ್ಟಿತು. ಬಿರುಗಾಳಿ ಒಂದೇ, ಬಿದ್ದ ಮನೆ ಬೇರೆ, ನಿಂತ ಮನೆ ಬೇರೆ.

ಹಾಗೆಂದು ಕನ್ನಡಿಗರು ಹುಟ್ಟಾ ಪ್ರಜಾಪ್ರಭುತ್ವವಾದಿಗಳೆಂದು ಬೆನ್ನು ಚಪ್ಪರಿಸಿಕೊಳ್ಳಬೇಕಾಗಿಲ್ಲ. ಸ್ವತಂತ್ರ ಭಾರತದಲ್ಲಿಯೇ ನಮಗೊಂದು ಪರೀಕ್ಷೆಯಾಯಿತು. 1974ರಲ್ಲಿ ಬೆಲೆಗಳು ವರ್ಷವೊಂದಕ್ಕೆ ನೂರಕ್ಕೆ ಇಪ್ಪತ್ತಕ್ಕೂ ಮೀರಿ ಏರಿದುವು. ಮೇ ತಿಂಗಳಲ್ಲಿ ರೈಲ್ವೆ ಕೆಲಸಗಾರರ ಮಹಾಮುಷ್ಕರವಾಯಿತು. ಬೀದಿ ಬೀದಿಯಲ್ಲಿ ಚಳವಳಿ ನಡೆಯಿತು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಿತವಾಯಿತು. ಅದೂ ಕಾನೂನಿನ ಬಾಗಿಲಿನಿಂದಲೇ ಬಂದಿತು. ಪಾರ್ಲಿಮೆಂಟಿನ ಸಮಿತಿಯ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇವರನ್ನು ಮರುದಿನ ಇಲ್ಲಿಯೇ ದಸ್ತಗಿರಿ ಮಾಡಿ ಸೆಂಟ್ರಲ್ ಜೈಲಿಗೆ ಕಳುಹಿಸಿದರು. 'ಸಂಸ್ಕಾರ' ಚಿತ್ರದಲ್ಲಿ ನಟಿಸಿದ್ದ ಸ್ನೇಹಲತಾ ರೆಡ್ಡಿಯವರು ಉಬ್ಬಸದಿಂದ ನರಳುತ್ತ ಅದೇ ಜೈಲಿನಲ್ಲಿದ್ದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. 1976-77ನೆಯ ಒಂದು ವರ್ಷದಲ್ಲಿ ದೇಶದಲ್ಲಿ ನಡೆದ ಸಂತಾನಹರಣ ಶಸ್ತ್ರಚಿಕಿತ್ಸೆಗಳು 80 ಲಕ್ಷವನ್ನು ಮೀರಿದುವು. ಬಲಾತ್ಕಾರಕ್ಕೆ ಸಿಕ್ಕವರು ಬಡವರು. ಆ ಕಾಲದಲ್ಲಿಯೂ, ರೈಲು ಹೊತ್ತಿಗೆ ಸರಿಯಾಗಿ ಬರುತ್ತಿದೆ, ಕಚೇರಿಯಲ್ಲಿ ಜನ ಹೊತ್ತಿಗೆ ಸರಿಯಾಗಿ ಕೂರುತ್ತಾರೆ ಎಂದು ತಲೆದೂಗಿದ ಪಟ್ಟಣವಾಸಿಗಳು ಕಡಮೆಯಿರಲಿಲ್ಲ.

ಅದನ್ನು ಜರ್ಮನಿಯ ನರಕಕ್ಕೆ ಸಮನೆಂದರೆ ಸತ್ಯಕ್ಕೆ ಅಪಚಾರವಾದೀತು. 1977ರ ಮಾರ್ಚಿಯಲ್ಲಿ ಚುನಾವಣೆ ನಡೆಯಿತು, ಸರ್ಕಾರ ಸೋತಿತು, ಸೋತವರು ಇಳಿದರು. ಆದರೆ ನಾವು ಎಷ್ಟು ಅಂಚಿನವರೆಗೆ ಹೋಗಿದ್ದೆವೆಂಬುದಕ್ಕೆ ಒಂದು ಸಾಕ್ಷಿಯುಂಟು. ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟವರು ನ್ಯಾಯಾಲಯದ ಮೊರೆಹೊಗಬಹುದೆಂದು ಕರ್ನಾಟಕದ ಉಚ್ಚ ನ್ಯಾಯಾಲಯವೂ ಸೇರಿದಂತೆ ಹಲವು ಉಚ್ಚ ನ್ಯಾಯಾಲಯಗಳು ಹೇಳಿದ್ದುವು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು ಅದನ್ನು ತಳ್ಳಿಹಾಕಿದರು. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅದರ ಬೆಲೆಯಾಗಿ ಮುಖ್ಯ ನ್ಯಾಯಾಧೀಶರ ಪದವಿ ಅವರ ಕೈತಪ್ಪಿತು. ಆ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವೇ 2017ರ ಆಗಸ್ಟ್ 24ರಂದು ರದ್ದುಮಾಡಿತು. ಆ ಮೊಕದ್ದಮೆಯನ್ನು ಹೂಡಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಮಗೆ ಅಭಿಮಾನದ ಸಂಗತಿ.

ಒಬ್ಬರೇ ನಿಂತರೆ ಏನಾದೀತು ಎನ್ನುವ ಅಧಿಕಾರಿಗಳಿಗಾಗಿ ಇನ್ನೊಂದು ಉದಾಹರಣೆಯನ್ನು ಕೊಡುತ್ತೇವೆ. ಇದು ಆಫ್ರಿಕಾ ಖಂಡದ ರುವಾಂಡಾ ದೇಶದ್ದು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿದ್ದು ಕಾಫಿಯ ಬೆಲೆ ಕುಸಿಯಿತು. ಅದರ ಬಿಸಿ ನಮ್ಮ ಕೊಡಗು, ಚಿಕ್ಕಮಗಳೂರುಗಳಿಗೂ ತಟ್ಟಿತು. ಇಲ್ಲಿಯ ಬೆಳೆಗಾರರು ಸಂಘಕಟ್ಟಿ, ಮನವಿ ಮಾಡಿ, ಕಾಫಿ ಮಂಡಳಿಯ ಮೂಲಕವೇ ಮಾರಬೇಕೆಂಬ ಕಟ್ಟಳೆಯನ್ನು 1996ರ ಹೊತ್ತಿಗೆ ಸಂಪೂರ್ಣವಾಗಿ ಕಳಚಿಕೊಂಡರು. ಕಾಫಿಯನ್ನೇ ನಂಬಿದ್ದ ರುವಾಂಡಾದಲ್ಲಿ ಸರ್ಕಾರದ ಬೊಕ್ಕಸ ಬರಿದಾಯಿತು, 1990ರಲ್ಲಿ ಅಂತರ್ಯುದ್ಧ ಹತ್ತಿತು. ಎಲ್ಲಕ್ಕೂ ಟುಟ್ಸಿ ಜನರೇ ಕಾರಣರೆಂದು ರೇಡಿಯೋ ಒಂದು ಹಗಲಿರುಳೂ ಸಾರಿ ಅವರನ್ನು ಜಿರಲೆಗಳೆಂದು ಕರೆಯಿತು. 1994ರ ಏಪ್ರಿಲಿನಿಂದ ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನರ ಕೊಲೆಯಾಯಿತು. ಅಲ್ಲಿಯೂ ಪಟ್ಟಿ ಮಾಡಿ ಗುಂಪು ಕೂಡಿಸಿದವರಲ್ಲಿ ಸ್ಥಳೀಯ ಅಧಿಕಾರಿಗಳು ಮುಂದಿದ್ದರು. ಆದರೆ ಬುಟಾರೆ ಎಂಬ ಪ್ರಾಂತದ ಅಧಿಕಾರಿಯಾಗಿದ್ದ ಜಾನ್ ಬಾಪ್ಟಿಸ್ಟ್ ಹಬ್ಯಾಲಿಮಾನ ಎಂಬವರು ಇದಕ್ಕೆ ಒಪ್ಪಲಿಲ್ಲ. ಅವರು ಅಧಿಕಾರದಲ್ಲಿದ್ದಷ್ಟು ದಿನ, ಸುಮಾರು ಹನ್ನೆರಡು ದಿನ, ಸುತ್ತಲೂ ರಕ್ತ ಹರಿಯುತ್ತಿದ್ದರೂ ಆ ಪ್ರಾಂತದ ಬಹುಭಾಗ ತಡೆದು ನಿಂತಿತು. ಅವರನ್ನು ವಜಾಮಾಡಿದ ಮೇಲೆಯೇ ಅಲ್ಲಿ ಮಹಾಹತ್ಯೆ ಆರಂಭವಾಯಿತು, ಅವರೂ ಹತರಾದರು. ಒಬ್ಬ ಅಧಿಕಾರಿಯ ಒಂದು ಇಲ್ಲವೆಂಬ ಮಾತಿನ ತೂಕ ಅಷ್ಟು.

ಇವೆಲ್ಲದರಿಂದ ತಿಳಿಯತಕ್ಕುದೇನು? ಬೆಲೆಯ ಏರಿಳಿತವನ್ನು ತಡೆಯುವುದು ಒಂದು ತಾಲ್ಲೂಕಿನವರ ಕೈಯಲ್ಲಿಲ್ಲ. ಆದರೆ ಅದರ ಹೆಗಲ ಮೇಲೆ ಏರಿ ಬರುವವನನ್ನು ತಡೆಯುವುದು ನಮ್ಮ ಕೈಯಲ್ಲಿದೆ. ಅವನು ಬರುವಾಗ ಮೂರು ಗುರುತುಗಳಿರುತ್ತವೆ. ಕಾಯಿದೆ ಸಭೆಗಳು ಬರಿಯ ಹರಟೆಯೆಂಬ ತಿರಸ್ಕಾರ ಮೊದಲನೆಯದು. ತಾತ್ಕಾಲಿಕವೆಂದು ಹೇಳಿ ತೆಗೆದುಕೊಂಡ ಅಧಿಕಾರ ಖಾಯಮಾಗುವುದು ಎರಡನೆಯದು. ಕಷ್ಟಕ್ಕೆಲ್ಲ ಕಾರಣರೆಂದು ಒಂದು ಕೇರಿಯವರನ್ನು ತೋರಿಸುವುದು ಮೂರನೆಯದು. ದೊಡ್ಡಬಳ್ಳಾಪುರದ ಆ ಹೋಟೆಲಿನಲ್ಲಿ ನಾವು ಮೊದಲನೆಯದನ್ನೂ ಮೂರನೆಯದನ್ನೂ ಒಂದೇ ಲೋಟ ಕಾಫಿ ಮುಗಿಯುವುದರೊಳಗೆ ಕೇಳಿದೆವು.

ಆದುದರಿಂದ ಅಧಿಕಾರಿ ಮಹನೀಯರಲ್ಲಿ ನಮ್ಮದೊಂದು ಅರಿಕೆ. ನೇಕಾರನ ಅರ್ಜಿ ನಿಮ್ಮ ಮೇಜಿನ ಮೇಲೆ ಆರು ತಿಂಗಳು ಮಲಗಿದರೆ ಅದು ಬರಿಯ ವಿಳಂಬವಲ್ಲ. ಅರ್ಜಿಯಿಂದ ಏನೂ ಆಗದು, ದೊಣ್ಣೆಯೇ ಬೇಕು, ಎಂಬ ಪಾಠವನ್ನು ನೀವೇ ಕಲಿಸಿದಂತಾಗುತ್ತದೆ. ಲಿಖಿತ ಆಜ್ಞೆಯಿಲ್ಲದ, ಕಾಯಿದೆಯ ಆಧಾರವಿಲ್ಲದ ಕೆಲಸವನ್ನು ಮೇಲಿನವರು ಬಾಯಿಮಾತಿನಲ್ಲಿ ಹೇಳಿದರೆ, ವಿನಯದಿಂದ ಬರವಣಿಗೆಯಲ್ಲಿ ಕೇಳಿ. ಬೇಲಿಯೇ ಎದ್ದು ಹೊಲ ಮೇಯುವ ಕಾಲ ಬರುವುದು, ಬೇಲಿಯ ಒಂದೊಂದು ಗೂಟವೂ ತನಗೇಕೆಂದು ಸುಮ್ಮನಾದಾಗ. ಪತ್ರಿಕೆಯವರಾದ ನಮ್ಮ ಹೊಣೆಯೂ ಕಡಮೆಯದಲ್ಲ. ಒಂದು ಕೇರಿಯ ಮೇಲಿನ ಗಾಳಿಸುದ್ದಿಯನ್ನು ವಿಚಾರಿಸದೆ ಅಚ್ಚುಹಾಕಿದರೆ ನಮ್ಮ ಯಂತ್ರಕ್ಕೂ ಆ ರುವಾಂಡಾದ ರೇಡಿಯೋಗೂ ವ್ಯತ್ಯಾಸವುಳಿಯದು.

ಇನ್ನು ಆ ಹೋಟೆಲಿನ ಹಿರಿಯರಿಗೆ ಎರಡು ಮಾತು. ಸಭೆ, ಅರ್ಜಿಗಳಿಂದ ಏನಾದೀತೆಂದು ತಾವು ಕೇಳಿದಿರಿ. ತಮ್ಮ ನೆರೆಯ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯನ್ನು ನೋಡಿ. 13 ಹಳ್ಳಿಗಳ 1,777 ಎಕರೆ ಜಮೀನನ್ನು ಸರ್ಕಾರ ಸ್ವಾಧೀನಪಡಿಸಿಕೊಳ್ಳಹೊರಟಾಗ ಅಲ್ಲಿಯ ರೈತರು 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತರು. 2025ರ ಜುಲೈಯಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಮೂರು ವರ್ಷವೆಂಬುದು ದೀರ್ಘವೇ ಸರಿ. ಆದರೆ ದೊಣ್ಣೆನಾಯಕನ ರಾಜ್ಯದಲ್ಲಿ ಅವರನ್ನು ಮೂರು ದಿನವೂ ಕೂರಗೊಡುತ್ತಿರಲಿಲ್ಲ. ಅವರ ಜಮೀನು ಹೋಯಿತೆಂದು ಬರೆಯಲು ಪತ್ರಿಕೆಯೂ ಇರುತ್ತಿರಲಿಲ್ಲ.

ದೊಣ್ಣೆಗೆ ಕಣ್ಣಿಲ್ಲ, ಸ್ವಾಮೀ. ಆ ಕೇರಿಯವರ ಬೆನ್ನಿನ ಮೇಲೆ ಮೊದಲು ಬಿದ್ದುದು ತಮ್ಮ ಬೀದಿಗೆ ಬರಲು ಹೆಚ್ಚು ಕಾಲ ಹಿಡಿಯುವುದಿಲ್ಲ. ಮಗ್ಗಕ್ಕೆ ನೂಲು ಕೇಳೋಣ, ಬೆಲೆ ಕೇಳೋಣ, ಜೋರಾಗಿಯೇ ಕೇಳೋಣ. ನಾವೂ ತಮ್ಮೊಡನೆ ಕೇಳುತ್ತೇವೆ. ಹಾವನ್ನು ಮಾತ್ರ ಬಾವಿಗೆ ಇಳಿಸುವುದು ಬೇಡ.